ಎಡಗಡೆ ಮುಂದಿನ ಗಾಲಿ

ಪಿಕಪ್ಪಿನ ಬಲಗಡೆಯ ಎರಡೂ ಗಾಲಿಗಳು ಹೋಗಿದ್ದವು. ಎಡಗಡೆಯವಕ್ಕೆ ಏನೂ ಆಗಿರಲಿಲ್ಲ. ನನ್ನ ಗಂಡ ಕೂತಿದ್ದು ಬಲಗಡೆ.

ಇದನ್ನು ಫೋನಿನಲ್ಲಿ ಹೇಳಿದವನು ಮೈದುನ ಸಿದ್ದಲಿಂಗ. ಬಸವನ ಬಾಗೇವಾಡಿಯ ಠಾಣೆಯಿಂದ ಗಾಡಿ ಬಿಡಿಸಿಕೊಂಡು ಸಿಂದಗಿಯ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿದ್ದ. ಅಲ್ಲಿ ಬಾಡಿ ತಟ್ಟಿ ನೆಟ್ಟಗೆ ಮಾಡಿದ್ದರು. ಇಂಜಿನ್ ಸರಿ ಇತ್ತು. ಗಾಲಿ ಹಾಕಿಸಿದರೆ ಓಡುತ್ತದೆ ಎಂದ.

"ವೈನಿ, ನೀವೂ ಬರ್ರಿ. ಟೈರ್ ಆರಿಸೂದು ನನಗ ಒಬ್ಬಾವಂಗ ತಿಳಿಯೂದಿಲ್ಲ."

ನನಗೂ ತಿಳಿಯುತ್ತಿರಲಿಲ್ಲ. ಬರುತ್ತೇನೆ ಎಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ. ಊಟ ಮಾಡು ಎಂದರೆ ಮಾಡುತ್ತಿದ್ದೆ. ಸಹಿ ಹಾಕು ಎಂದರೆ ಹಾಕುತ್ತಿದ್ದೆ.

ನಮ್ಮದು ಇಂಡಿಯ ಹತ್ತಿರದ ಹಳ್ಳಿ. ಮನೆಗೆ ಹತ್ತಿಕೊಂಡೇ ನಿಂಬೆ ತೋಟ. ನನ್ನ ಗಂಡ ಅಮಿತ ಆ ಹಳೇ ಪಿಕಪ್ ಕೊಂಡು ನಮ್ಮ ಹಣ್ಣನ್ನೂ ಅಕ್ಕಪಕ್ಕದವರ ಹಣ್ಣನ್ನೂ ಹೇರಿಕೊಂಡು ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ಪೇಟೆಗಳಿಗೆ ಒಯ್ಯುತ್ತಿದ್ದ. ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದವಳು. ಇಂಡಿಯ ಒಂದು ಕಾಲೇಜಿನಲ್ಲಿ ಪಿಯು ಹುಡುಗರಿಗೆ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಅದೇ ಗಾಡಿಯಲ್ಲಿ ಅವನ ಪಕ್ಕ ಕೂತು ಹೋಗುತ್ತಿದ್ದೆ. ಸಂಜೆಯವರೆಗೂ ನನ್ನ ಸೀರೆ ನಿಂಬೆಯ ವಾಸನೆ ಬರುತ್ತಿತ್ತು.

ಹೂವಿನ ಹಿಪ್ಪರಗಿ ದಾಟಿ ಮುದ್ದೇಬಿಹಾಳದ ಕಡೆ ಹೋಗುವಾಗ ಒಂದು ಸಣ್ಣ ಸೇತುವೆ ಬರುತ್ತದೆ. ಬಿಸಿಲೇರಿದ ಹೊತ್ತು, ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ನಮ್ಮ ಪಿಕಪ್ ಒಮ್ಮೆಲೇ ಬಲಕ್ಕೆ ಹೊರಳಿ ಸೇತುವೆಯ ಗೋಡೆಗೆ ಬಡಿದಿತ್ತು. ನಾವು ಮುಟ್ಟುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಒಯ್ದಿದ್ದರು. ಗಾಡಿಯ ಪಕ್ಕ ನಿಂಬೆಹಣ್ಣಿನ ರಾಶಿ ಇತ್ತು. ರಸ್ತೆ ತುಂಬ ಚೆಲ್ಲಿದ್ದನ್ನು ಯಾರೋ ಆರಿಸಿ, ಅಚ್ಚುಕಟ್ಟಾಗಿ ರಾಶಿ ಹಾಕಿ, ಮೇಲೆ ಟವೆಲ್ ಮುಚ್ಚಿದ್ದರು. ಆ ಟವೆಲ್ ಅಮಿತನದು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಬೇರೆ ಏನನ್ನೂ ನೋಡಿದ ನೆನಪಿಲ್ಲ.

ಚಾಲಕ ನಿದ್ದೆ ಹೋಗಿರಬೇಕು ಎಂದು ಪೊಲೀಸರು ಬರೆದುಕೊಂಡರು. ಖಾಲಿ ರಸ್ತೆಯಲ್ಲಿ ಗಾಡಿ ಅಡ್ಡ ಹೋಗಲು ಬೇರೆ ಕಾರಣ ಯಾರಿಗೂ ಹೊಳೆಯಲಿಲ್ಲ. ಊರೂ ಅದನ್ನೇ ಮಾತಾಡಿತು.

ಕುರಿ ಕಾಯುವ ಅಮಸಿದ್ದ ಒಬ್ಬನೇ ಬೇರೆ ಹೇಳಿದ. ಆ ಹೊತ್ತಿನಲ್ಲಿ ಅವನು ಸೇತುವೆಯ ಹತ್ತಿರವೇ ಇದ್ದನಂತೆ. ಮಣ್ಣು ಕೊಟ್ಟ ಮೇಲೆ ಅಷ್ಟು ದೂರದಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದ. ಕಟ್ಟೆಯ ಮೇಲೆ ಕೂಡಲಿಲ್ಲ, ಕೆಳಗೇ ನಿಂತ.

"ನನ್ನ ಕುರಿ ಅಡ್ಡ ಬಂದ್ವುರಿ ಗೌಡ್ರ. ಅಂವ ಹಾರ್ನ್ ಹೊಡದ, ಬ್ರೇಕ್ ಹಾಕಿದ. ನಿದ್ದಿಯಾಗ ಯಾರ ಹಾರ್ನ್ ಹೊಡಿತಾರ್ರಿ?"

ಮಾವ ಬಸಂತರಾಯರು ತಲೆ ಎತ್ತಲಿಲ್ಲ.

"ಬ್ರೇಕ್ ಹಾಕಿದ್ರ ಬಂಡಿ ನಿಂದರಬೇಕು. ಅಡ್ಡ ಯಾಕ ಹೋತು?"

"ಅದು ನನಗ ತಿಳೀಲಿಲ್ರಿ."

"ನಿನ್ನ ಕುರಿ ಉಳದ್ವಲ್ಲ? ನಡಿ, ಹೋಗು."

ಅಮಸಿದ್ದ ಹೋದ.

ಮಾವ ಅಳಲಿಲ್ಲ. ಸಿಟ್ಟು ಮಾಡಿಕೊಂಡರು. ಮಾತಾಡಿಸಲು ಬಂದವರ ಮುಂದೆಲ್ಲ ಒಂದೇ ಮಾತು. "ಲಗೂನ ಮಲಕ್ಕೋ ಅಂತ ಬಡಕೊಂಡೆ. ಮೊಬೈಲ್ ನೋಡ್ಕೋತ ಕುಂಡ್ರತಿದ್ದ. ನಿದ್ದಿಗೇಡಿ! ಹೆಂಡ್ತಿ ಮುಖಾನೂ ನೋಡಲಿಲ್ಲ, ತಾಯಿ ಮುಖಾನೂ ನೋಡಲಿಲ್ಲ." ಸತ್ತ ಮಗನನ್ನು ಹಾಗೆ ಬೈಯುವುದನ್ನು ಕೇಳಿ ಜನ ನೆಲ ನೋಡುತ್ತಿದ್ದರು. ಅತ್ತೆ ಹೊನ್ನವ್ವ ಒಳಗೆ ಹೋಗಿಬಿಡುತ್ತಿದ್ದರು. ಆ ಸಿಟ್ಟೇ ಅವರನ್ನು ಎಬ್ಬಿಸಿ ನಿಲ್ಲಿಸುತ್ತದೆ, ತೋಟಕ್ಕೆ ಕಳಿಸುತ್ತದೆ, ಊಟಕ್ಕೆ ಕೂಡಿಸುತ್ತದೆ ಎಂದು ನನಗೆ ಗೊತ್ತಾಗಿತ್ತು. ನನಗೆ ಅದೂ ಇರಲಿಲ್ಲ.

ಗಾಡಿ ರಿಪೇರಿ ಮಾಡಿಸಿ ಎಂದವರೂ ಅವರೇ. ಇನ್ನು ಮೇಲೆ ಸಿದ್ದಲಿಂಗ ಅದನ್ನು ಓಡಿಸಬೇಕೆಂದು ತೀರ್ಮಾನವಾಗಿತ್ತು. ಹಣ್ಣು ಗಿಡದಲ್ಲಿ ಹಳದಿಯಾಗುತ್ತಿತ್ತು.

*

ಟೈರ್ ಅಂಗಡಿ ಸಿಂದಗಿಯಲ್ಲಿ ಇಂಡಿ ರಸ್ತೆಗೆ ಇತ್ತು, ಗ್ಯಾರೇಜಿನ ಮಗ್ಗುಲಲ್ಲೇ. ಅಂಗಡಿಯ ಮೀರಾಸಾಬ ದಪ್ಪ ಮನುಷ್ಯ, ಬಾಯಿ ಸುಮ್ಮನಿರುತ್ತಿರಲಿಲ್ಲ. ಪಿಕಪ್ಪನ್ನು ಜಾಕಿನ ಮೇಲೆ ಎತ್ತಿ ಬಲಗಡೆಯ ಎರಡೂ ಗಾಲಿಗಳನ್ನು ಬಿಚ್ಚಿ ಹಾಕಿದ್ದ. ಮುಂದಿನದರ ಡಿಸ್ಕ್ ಒಂದು ಕಡೆ ರೊಟ್ಟಿಯಂತೆ ಮಡಚಿತ್ತು. ಟೈರ್ ಹರಿದು ಒಳಗಿನ ತಂತಿ ಹೊರಗೆ ಬಂದಿತ್ತು. ಹಿಂದಿನದರ ಡಿಸ್ಕೂ ಸೊಟ್ಟಗಾಗಿತ್ತು.

"ಡಿಸ್ಕ್ ಎರಡೂ ಹೊಸಾವ ಬೇಕು," ಎಂದ. "ಬಡದು ನೆಟ್ಟಗ ಮಾಡಿಕೊಡ್ತೇನಿ, ಆದ್ರ ನಾಳಿ ನನಗ ಬೈಬ್ಯಾಡ್ರಿ. ಟೈರ್ ಯಾ ಸೈಜ್ ಕೊಡ್ಲಿ ಹೇಳ್ರಿ."

"ಇದ್ದ ಸೈಜೇ ಕೊಡು ಕಾಕಾ," ಎಂದ ಸಿದ್ದಲಿಂಗ.

ಮೀರಾಸಾಬ ನಕ್ಕ. "ಇದ್ದ ಸೈಜ್ ಅಂದ್ರ ಯಾವುದಪಾ? ಈ ಗಾಡಿ ಮೂರ ಕಾಲಿಗೆ ಚಪ್ಪಲಿ ಹಾಕೈತಿ, ಒಂದ ಕಾಲಿಗೆ ಬೂಟ್ ಹಾಕೈತಿ."

ನಮ್ಮನ್ನು ಕರೆದು ತೋರಿಸಿದ. ಹರಿದ ಟೈರಿನ ಮೇಲೆ ಇನ್ನೂರ ಹದಿನೈದು, ಎಪ್ಪತ್ತೈದು, ಹದಿನೈದು ಎಂದಿತ್ತು. ಮೊದಲನೆಯದು ಅಗಲ, ನಡುವಿನದು ಅಗಲಕ್ಕೆ ತಕ್ಕ ಎತ್ತರ, ಕೊನೆಯದು ಡಿಸ್ಕಿನ ಅಳತೆ. ಹಿಂದಿನ ಎರಡರ ಮೇಲೂ ಅದೇ ಅಂಕಿ. ಎಡಗಡೆ ಮುಂದಿನ ಗಾಲಿಯ ಮೇಲೆ ಮಾತ್ರ ಏಳುನೂರು, ಹದಿನೈದು. ಡಿಸ್ಕಿನ ಅಳತೆ ಒಂದೇ ಆದ್ದರಿಂದ ಅದೂ ಕೂತಿತ್ತು. ಆದರೆ ಟೈರ್ ಎತ್ತರ. ಟೈರಿನ ಜಾತಿಯೂ ಬೇರೆ, ಮೂರು ರೇಡಿಯಲ್, ಇದೊಂದು ನೈಲಾನ್. ಹೊಸದು, ರಬ್ಬರಿನ ಮುಳ್ಳುಗಳು ಇನ್ನೂ ಸವೆದಿರಲಿಲ್ಲ.

ಬಿಚ್ಚಿಟ್ಟಿದ್ದ ಹಿಂದಿನ ಗಾಲಿಯನ್ನು ಅದರ ಪಕ್ಕ ನಿಲ್ಲಿಸಲು ಹೇಳಿದೆ. ಸಿದ್ದಲಿಂಗ ಉರುಳಿಸಿಕೊಂಡು ಬಂದು ನಿಲ್ಲಿಸಿದ. ಅಂಗೈ ಅಡ್ಡ ಹಿಡಿದು ನೋಡಿದೆ. ಮೂರು ಬೆರಳಷ್ಟು ವ್ಯತ್ಯಾಸ.

"ಇದನ್ನ ಯಾರ ಹಾಕ್ಯಾರ್ರಿ?" ಎಂದು ಕೇಳಿದೆ.

"ನಮ್ಮ ಅಂಗಡಿದಲ್ರಿ ಅಕ್ಕಾರ. ಬೇಕಾದ್ರ ಇದರ ಜೋಡಿ ಇನ್ನೊಂದು ಕೊಡ್ತೇನಿ. ಇಲ್ಲಾ ಹಂಗ ಇರಲಿ ಅಂದ್ರ ಬಲಕ್ಕ ಹಳೆ ಸೈಜೇ ಕೊಡ್ತೇನಿ. ಓಡತೈತಿ ಬಿಡ್ರಿ. ನಮ್ಮ ಕಡಿ ಗಾಡಿ ಎಲ್ಲಾ ಹಿಂಗ ಓಡ್ತಾವ."

"ಕಂಪನಿಯವ್ರು ಯಾ ಸೈಜ್ ಹೇಳ್ಯಾರ?"

"ಡ್ರೈವರ್ ಬಾಗಿಲ ಚೌಕಟ್ಟಿಗೆ ಚೀಟಿ ಅಂಟಿಸಿರ್ತಾರ. ಉಳದಿದ್ರ ನೋಡ್ರಿ."

ಡ್ರೈವರ್ ಬಾಗಿಲು. ನಾನು ಅಷ್ಟು ಹೊತ್ತು ಆ ಕಡೆ ಹೋಗಿರಲಿಲ್ಲ. ಸಿದ್ದಲಿಂಗ, "ನಾ ನೋಡ್ತೇನಿ ತಡೀರಿ ವೈನಿ," ಎಂದ. ನಾನೇ ಹೋದೆ. ಬಾಗಿಲು ಬೇರೆ ಗಾಡಿಯದು, ಬೇರೆ ಬಣ್ಣದ್ದು. ಚೌಕಟ್ಟು ಹಳೆಯದೇ. ತಟ್ಟಿ ನೆಟ್ಟಗೆ ಮಾಡಿದ ಜಾಗದಲ್ಲಿ ಬಣ್ಣ ಸಿಪ್ಪೆ ಎದ್ದಿತ್ತು. ಚೀಟಿ ಅರ್ಧ ಉಳಿದಿತ್ತು. ಇನ್ನೂರ ಹದಿನೈದು, ಎಪ್ಪತ್ತೈದು. ಮುಂದಿನದು ಹರಿದಿತ್ತು. ಸೀಟು ತೊಳೆದಿದ್ದರು. ಸೀಟಿನ ಸಂದಿಯಲ್ಲಿ ಒಂದು ನಿಂಬೆಹಣ್ಣು ಒಣಗಿ ಕರಿ ಕಲ್ಲಿನಂತಾಗಿತ್ತು. ಅದನ್ನು ತೆಗೆಯಲಿಲ್ಲ. ಕೈ ಹೋಗಲಿಲ್ಲ.

ತಿರುಗಿ ಬಂದಾಗ ಮೀರಾಸಾಬ ಬಿಲ್ಲಿನ ಪುಸ್ತಕ ತೆಗೆದಿದ್ದ. "ಹೆಸರು ಏನ್ ಬರೀಲ್ರಿ?"

"ಭಾಗ್ಯಜ್ಯೋತಿ."

"ಅರೆ! ಕರೆಂಟಿನ ಸ್ಕೀಮ್! ಮನಿಗೊಂದು ಬಲ್ಬ್, ಬಿಲ್ ಇಲ್ಲ!"

ಸಿದ್ದಲಿಂಗ ಅವನ ತೋಳು ಹಿಡಿದು ಏನೋ ಪಿಸುಗುಟ್ಟಿದ. ಮೀರಾಸಾಬನ ಮುಖ ಇಳಿದುಹೋಯಿತು. "ಮಾಫ್ ಮಾಡ್ರಿ ಅಕ್ಕಾರ. ಇದು ಆ ಗಾಡಿ ಅಂತ ಗೊತ್ತಿತ್ತು, ನೀವ ಅಂತ ಗೊತ್ತಿರಲಿಲ್ಲ."

ಪರವಾಗಿಲ್ಲ ಎಂದೆ. ನನ್ನನ್ನು ನೋಡಲು ಬಂದ ದಿನ ಅಮಿತ ನನ್ನ ಹೆಸರು ಕೇಳಿ ಇದನ್ನೇ ಹೇಳಿದ್ದ. ಆಗ ನನಗೆ ಸಿಟ್ಟು ಬಂದಿತ್ತು.

ಸಿದ್ದಲಿಂಗ ಮನೆಗೆ ಫೋನ್ ಹಚ್ಚಿದ. ಸೈಜಿನ ವಿಷಯ ಅಪ್ಪನನ್ನು ಕೇಳದೆ ಮಾಡಿದರೆ ಮಾತು ಬರುತ್ತದೆ ಎಂದು ಅವನ ಹೆದರಿಕೆ. ಅಂಗಡಿಯ ಗದ್ದಲಕ್ಕೆ ಸ್ಪೀಕರ್ ಹಾಕಿದ.

"ಅಪ್ಪಾ, ಎಡಗಡೆ ಮುಂದ ಬ್ಯಾರೆ ಸೈಜ್ ಟೈರ್ ಐತಿ. ಅದನ್ನ ಏನ್ ಮಾಡೂಣು?"

"ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದರು ಮಾವ. ಧ್ವನಿ ಗಟ್ಟಿಯಾಗಿತ್ತು. "ಅದು ನಾ ಹಾಕಿಸಿದ್ದು. ಬಂಡಿ ಎಡಕ್ಕ ವಾಲತಿತ್ತು, ಗೊತ್ತಿಲ್ಲೇನು ನಿನಗ? ತಗ್ಗಿನ ಕಡಿ ಎತ್ರದ ಎತ್ತು ಹೂಡಬೇಕು. ಹೂಡಿದೆ. ನೆಟ್ಟಗ ನಿಂತಿತು. ಬಲಗಡೆ ಅಷ್ಟ ಮದಲಿನ ಸೈಜ್ ಹಾಕಿಸ್ಕೊಂಡ ಬರ್ರಿ. ಅಂಗಡಿಯಾಂವ ಏನರ ಹೇಳ್ತಾನ, ಅವನ ಮಾತ ಕೇಳಬ್ಯಾಡ್ರಿ."

"ಹೂಂ ಅಪ್ಪಾ."

"ನಿಮ್ಮ ಅಣ್ಣಗ ಅದರ ಮ್ಯಾಲ ನಿದ್ದಿ ಮಾಡಾಕ ಬಂತು. ನೀ ಕಣ್ಣ ತೆರಕೊಂಡ ಓಡಸು."

ಫೋನ್ ಇಟ್ಟರು.

ಎತ್ತಿನ ವಿಷಯದಲ್ಲಿ ಮಾವನ ಮಾತಿಗೆ ನಮ್ಮ ಭಾಗದಲ್ಲಿ ಬೆಲೆ ಇತ್ತು. ಜೋಡಿ ಕೂಡಿಸುವಾಗ ಯಂಕಂಚಿಯಿಂದ, ಅತ್ತ ಮಸೂತಿಯಿಂದಲೂ ಜನ ಬಂದು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಇಳಿಜಾರಿನ ಹೊಲದಲ್ಲಿ ತಗ್ಗಿನ ಕಡೆ ಎತ್ತರದ ಎತ್ತು ಹೂಡಿದರೆ ನೊಗ ಸಮ ನಿಲ್ಲುತ್ತದೆ. ಅದು ಸರಿಯೇ. ನಮ್ಮ ಎತ್ತು ಮಾರಿ ಬಹಳ ದಿನವಾಗಿತ್ತು. ನೊಗ ಮಾತ್ರ ಪಡಸಾಲೆಯ ಗೋಡೆಗೆ ಇತ್ತು. ನಾವೆಲ್ಲ ಗಾಡಿ ಎನ್ನುತ್ತಿದ್ದ ಪಿಕಪ್ಪಿಗೆ ಮಾವ ಬಂಡಿ ಎನ್ನುತ್ತಿದ್ದರು. ವಯಸ್ಸಾದವರ ರೂಢಿ ಎಂದುಕೊಂಡಿದ್ದೆ.

ಸಾಯುವ ಹಿಂದಿನ ವಾರ ಅಮಿತ ಮನೆಗೆ ಬಂದು ಎಡಗೈ ರಟ್ಟೆ ತಿಕ್ಕಿಕೊಳ್ಳುತ್ತಿದ್ದ. ಏನಾಯಿತು ಎಂದು ಕೇಳಿದ್ದಕ್ಕೆ ನಕ್ಕು, "ಅಪ್ಪ ಗಾಡಿಗೂ ಎತ್ತು ಹೂಡ್ಯಾನ. ಹಗ್ಗಾ ಜಗ್ಗಿ ಜಗ್ಗಿ ಸಾಕಾತು," ಎಂದಿದ್ದ. ಹೇರು ಹೆಚ್ಚು ಮಾಡಿ ಕಳಿಸುತ್ತಾರೆ ಎಂಬ ಅರ್ಥದಲ್ಲಿ ಹೇಳಿದ ಎಂದುಕೊಂಡೆ. ಎಣ್ಣೆ ಹಚ್ಚಿ ತಿಕ್ಕಿದೆ.

ಈಗ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ಎದುರಿಗೆ ಎರಡು ಗಾಲಿಗಳು ನಿಂತಿದ್ದವು. ನಾನು ಹುಡುಗರಿಗೆ ಬೋರ್ಡಿನ ಮೇಲೆ ಬರೆಯುವ ಲೆಕ್ಕ ಅದು. ಬ್ರೇಕ್ ಎರಡೂ ಗಾಲಿಯನ್ನು ಒಂದೇ ಸಮ ಹಿಡಿಯುತ್ತದೆ. ಸಣ್ಣ ಗಾಲಿಯಲ್ಲಿ ಆ ಹಿಡಿತ ನೆಲಕ್ಕೆ ಹೆಚ್ಚು ಮುಟ್ಟುತ್ತದೆ, ದೊಡ್ಡದರಲ್ಲಿ ಕಡಿಮೆ. ಒಂದು ಬದಿ ನಿಲ್ಲುತ್ತದೆ, ಇನ್ನೊಂದು ಬದಿ ಇನ್ನೂ ಮುಂದೆ ಹೋಗುತ್ತದೆ. ಒಂದು ನೈಲಾನ್, ಒಂದು ರೇಡಿಯಲ್ ಆದ್ದರಿಂದ ಅದು ಮತ್ತಷ್ಟು ಹೆಚ್ಚು. ಗಾಡಿ ಸಣ್ಣ ಗಾಲಿಯ ಕಡೆಗೆ ತಿರುಗುತ್ತದೆ.

ಸಣ್ಣ ಗಾಲಿ ಬಲಗಡೆ ಇತ್ತು.

ಅಮಸಿದ್ದ ಸುಳ್ಳು ಹೇಳಿರಲಿಲ್ಲ. ಕುರಿ ಅಡ್ಡ ಬಂದವು. ಅಮಿತ ಹಾರ್ನ್ ಹೊಡೆದ, ಬ್ರೇಕ್ ಹಾಕಿದ. ನಿದ್ದೆ ಹೋಗಿರಲಿಲ್ಲ.

ಕೂತಲ್ಲೇ ಕೂತಿದ್ದೆ. ಹೊರಗೆ ಇಂಡಿಯ ಬಸ್ಸು ಹೋಯಿತು. ಮೀರಾಸಾಬ ಸುತ್ತಿಗೆಯಿಂದ ಯಾವುದೋ ಡಿಸ್ಕ್ ಬಡಿಯುತ್ತಿದ್ದ. ಸಿದ್ದಲಿಂಗ ನನ್ನ ಮುಂದೆ ಚಹಾದ ಕಪ್ಪು ಹಿಡಿದು ನಿಂತಿದ್ದ. ಎಷ್ಟು ಸಲ ಕರೆದಿದ್ದನೋ.

"ವೈನಿ. ಏನ್ ಮಾಡೂಣು? ಅಪ್ಪ ಹೇಳಿದಂಗ ಮಾಡೂಣು?"

ಅವನ ಮುಖ ನೋಡಿದೆ. ಅಣ್ಣನದೇ ಹುಬ್ಬು. ಇನ್ನು ಮೇಲೆ ಆ ಸೀಟಿನಲ್ಲಿ ಕೂಡುವವನು ಅವನು.

"ಮೂರು ಟೈರ್ ಕೊಡ್ರಿ," ಎಂದು ಮೀರಾಸಾಬನಿಗೆ ಹೇಳಿದೆ. "ಎಲ್ಲಾ ಚೀಟಿಯೊಳಗಿನ ಸೈಜು. ಮುಂದಿನ ಎರಡೂ ಹೊಸಾವು, ಒಂದೇ ಜೋಡಿ ಆಗಬೇಕು. ಏಳುನೂರರದ್ದು ಬಿಚ್ಚಿ ಇಲ್ಲೇ ಇಟ್ಕೋರಿ. ನಮಗ ಬ್ಯಾಡ."

"ಹೊಸಾದೈತಲ್ರಿ ಅಕ್ಕಾರ!"

"ವೈನಿ, ಅಪ್ಪ ನನ್ನ ಚರ್ಮಾ ಸುಲೀತಾನ," ಎಂದ ಸಿದ್ದಲಿಂಗ.

"ನಾ ಹೇಳ್ತೇನಿ ಮಾವಗ."

ಏನು ಹೇಳುತ್ತೇನೆ ಎಂದು ನನಗೆ ಗೊತ್ತಿರಲಿಲ್ಲ.

*

ಸಿಂದಗಿ ದಾಟಿದ ಮೇಲೆ ಖಾಲಿ ರಸ್ತೆ ಸಿಕ್ಕಿತು. ಗಾಡಿ ನಿಧಾನ ಮಾಡಿ, ಸ್ಟೇರಿಂಗ್ ಸಡಿಲ ಹಿಡಿದು ಬ್ರೇಕ್ ಹಾಕು ಎಂದೆ. ಸಿದ್ದಲಿಂಗ ನನ್ನನ್ನು ವಿಚಿತ್ರವಾಗಿ ನೋಡಿ ಹಾಗೇ ಮಾಡಿದ. ಗಾಡಿ ನೆಟ್ಟಗೆ ನಿಂತಿತು. ಇನ್ನೊಮ್ಮೆ ಎಂದೆ. ಮತ್ತೆ ನೆಟ್ಟಗೆ ನಿಂತಿತು.

"ಬೆಣ್ಣಿ ಆಗೈತಿ ವೈನಿ. ಹಿಂದಕ ಒಮ್ಮಿ ತೋಟದ ತನಕ ನಾ ಓಡಸಿದ್ದೆ, ಬಲಕ್ಕ ಭಾಳ ಎಳೀತಿತ್ತು. ಅಣ್ಣಗ ಕೇಳಿದ್ರ, ಅಪ್ಪನ ಮುಂದ ಅನಬ್ಯಾಡ, ಖುಷಿಲೆ ಹಾಕಿಸ್ಯಾನ, ನಾಕ ದಿನ ಬಿಟ್ಟು ನಾನ ತಗಸ್ತೇನಿ ಅಂದ." ಅವನು ಗೇರ್ ಹಾಕಿದ. ಆಡಿದ ಮಾತಿನಲ್ಲಿ ಏನಿದೆ ಎಂದು ಅವನಿಗೆ ತಿಳಿದಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿದೆ. ಗಾಡಿ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಓಡುತ್ತಿತ್ತು. ಎಡಗಡೆಯ ಸ್ಪ್ರಿಂಗಿನ ಪಟ್ಟಿ ಸೋತಿತ್ತು, ಅಷ್ಟೇ. ಆ ಪಟ್ಟಿ ಬದಲಿಸಿದ್ದರೆ ಮುಗಿಯುತ್ತಿತ್ತು.

ಮನೆಯ ಮುಂದೆ ನಿಂತಾಗ ಅತ್ತೆ ನಿಂಬೆಹಣ್ಣು ತಂದು ಗಾಲಿಗಳ ಕೆಳಗೆ ಇಟ್ಟರು. ನಾನು ದೂರ ನಿಂತೆ. ಮಾವ ಅದನ್ನೆಲ್ಲ ನೋಡಲಿಲ್ಲ. ನೆಟ್ಟಗೆ ಎಡಗಡೆ ಮುಂದಿನ ಗಾಲಿಯ ಹತ್ತಿರ ಹೋದರು, ಕುಕ್ಕರುಗಾಲಿನಲ್ಲಿ ಕೂತರು, ಗೇಣು ಹಾಕಿ ಅಳೆದರು. ಎದ್ದು ಬಲಗಡೆ ಹೋಗಿ ಅಳೆದರು.

"ನನ್ನ ಗಾಲಿ ಎಲ್ಲಿ?"

"ಅದು ಕೆಟ್ಟಿತ್ರಿ ಮಾವ," ಎಂದೆ. "ಒಳಗ ಸೀಳಿತ್ತಂತ. ಆ ಸೈಜ್ ಅಂಗಡಿಯೊಳಗ ಸಿಗಲಿಲ್ಲ."

"ಸಿಗಲಿಲ್ಲ?" ಅವರು ಗಾಡಿಯ ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. "ಮತ್ತ ವಾಲಾಕತ್ತೈತಿ ನೋಡು. ಇಂಥ ಬಂಡಿ ಕೊಟ್ಟು ಹುಡುಗನ್ನ ಮುದ್ದೇಬಿಹಾಳಕ್ಕ ಕಳಸೂದೇನು?" ಒಳಗೆ ಹೋದರು. ನನ್ನ ಸುಳ್ಳು ಗಟ್ಟಿ ನಿಂತಿತು ಎಂದುಕೊಂಡೆ.

ಮರುದಿನ ಅವರು ಇಂಡಿಗೆ ಹೋಗಿಬಂದರು. ಯಾಕೆ ಎಂದು ನಾನು ಕೇಳಲಿಲ್ಲ. ಅದರ ಮರುದಿನ ಬೆಳಿಗ್ಗೆ ಗಾಡಿಗೆ ಹಣ್ಣು ಹೇರಿದ್ದರು. ಮೊದಲ ಸಲ ಸಿದ್ದಲಿಂಗ ಮುದ್ದೇಬಿಹಾಳಕ್ಕೆ ಹೊರಟಿದ್ದ. ನಾನು ಮಾವನಿಗೆ ಚಹಾ ಹಿಡಿದು ಅಂಗಳಕ್ಕೆ ಬಂದೆ.

ಗಾಡಿಯ ಎಡಗಡೆ ಜಾಕ್ ಹಚ್ಚಿತ್ತು. ಮಾವ ಪಾನಾ ಹಿಡಿದು ನಟ್ಟು ಸಡಿಲಿಸುತ್ತಿದ್ದರು. ಪಕ್ಕದಲ್ಲಿ, ಮನೆಯಲ್ಲಿದ್ದ ಹಳೇ ಡಿಸ್ಕಿಗೆ ಹಾಕಿಸಿದ ಹೊಸ ಟೈರ್ ಗೋಡೆಗೆ ಆನಿಸಿತ್ತು. ಏಳುನೂರು, ಹದಿನೈದು.

"ಇಂಡಿಯಾಗ ಸಿಕ್ತು," ಎಂದರು ನನ್ನನ್ನು ನೋಡಿ. ಬಹಳ ದಿನಗಳ ಮೇಲೆ ಮುಖದಲ್ಲಿ ಸ್ವಲ್ಪ ಕಳೆ ಇತ್ತು. "ಟಂಟಂ ಆಟೋದಾಗ ಹಾಕ್ಕೊಂಡ ಬಂದೆ. ಸಿಂದಗ್ಯಾಂವಗ ವ್ಯಾಪಾರ ಮಾಡಾಕ ಬರೂದಿಲ್ಲ."

ಸಿದ್ದಲಿಂಗ ಸೀಟಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಅವನ ಹಿಂದೆ ಹಣ್ಣಿನ ಚೀಲಗಳು.

ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಇಟ್ಟೆ. "ಮಾವ, ಬ್ಯಾಡ್ರಿ."

"ಏನ ಬ್ಯಾಡ?"

"ಆ ಗಾಲಿ ಬ್ಯಾಡ್ರಿ."

"ಯಾಕ? ನಿನ್ನ ಪುಸ್ತಕದಾಗ ಬರದೈತೇನು?" ಅವರು ಪಾನಾ ಮೇಲೆ ಕಾಲು ಕೊಟ್ಟು ಒತ್ತಿದರು. ನಟ್ಟು ಕಿರ್ರೆಂದಿತು. "ನಾ ಸಾಲಿ ಕಲತಿಲ್ಲ ಖರ. ಜೋಡಿ ಕಟ್ಟೂದು ನನಗ ಯಾರೂ ಹೇಳಿಕೊಡಬೇಕಾಗಿಲ್ಲ."

ರಬ್ಬರ್ ಸರಿಯಿಲ್ಲ, ಡಿಸ್ಕ್ ಹಳೆಯದು, ಕಾನೂನು ಒಪ್ಪುವುದಿಲ್ಲ ಎಂದು ಇನ್ನೂ ಎಷ್ಟೋ ಸುಳ್ಳು ಹೇಳಬಹುದಿತ್ತು. ಪ್ರತಿ ಸುಳ್ಳಿಗೂ ಅವರು ಇಂಡಿಗೆ ಹೋಗಿ ಉತ್ತರ ತರುತ್ತಿದ್ದರು. ನಾನು ಅವರ ಪಕ್ಕ ನೆಲದ ಮೇಲೆ ಕೂತೆ.

"ಮಾವ, ಒಂದ ಕೇಳ್ತೇನಿ. ಬಂಡಿ ಹೊಂಟೈತಿ. ಬಲಗಡೆ ಎತ್ತು ಗಕ್ಕನ ನಿಂತು, ಎಡಗಡೆ ಎತ್ತು ನಡಕೋತ ಹೋದ್ರ, ಬಂಡಿ ಯಾ ಕಡಿ ತಿರಗತೈತ್ರಿ?"

"ಇದೇನ ಕೇಳ್ತಿ? ಸಣ್ಣ ಹುಡುಗರಿಗೂ ಗೊತ್ತು."

"ಹೇಳ್ರಿ."

"ಬಲಕ್ಕ."

"ಬ್ರೇಕ್ ಹಾಕಿದ್ರ ಸಣ್ಣ ಗಾಲಿ ಮದಲ ನಿಂದರತೈತ್ರಿ. ಎತ್ರದ್ದು ಇನ್ನೂ ನಡದಿರತೈತಿ."

ಅವರು ನನ್ನನ್ನು ನೋಡಿದರು. ಆಮೇಲೆ ಗೋಡೆಗೆ ಆನಿಸಿದ್ದ ಗಾಲಿಯನ್ನು ನೋಡಿದರು. ಅವರ ತುಟಿ ಅಲುಗಿತು, ಎಡ, ಬಲ ಎಂದು ಹೇಳಿಕೊಂಡಂತೆ. ಪಾನಾ ಹಿಡಿದ ಕೈ ನಟ್ಟಿನ ಮೇಲೇ ಇತ್ತು. ಬಲಕ್ಕೆ ಸೇತುವೆಯ ಗೋಡೆ ಇತ್ತು ಎಂದು ನಾನು ಹೇಳಬೇಕಾಗಿರಲಿಲ್ಲ. ಅವರೂ ಅಲ್ಲಿಗೆ ಬಂದಿದ್ದರು, ನೋಡಿದ್ದರು.

ಅವರ ಮುಖದ ಬಣ್ಣ ಹೋಗುವುದನ್ನು ಕಂಡೆ. ಮನುಷ್ಯನ ಮುಖ ಅಷ್ಟು ಬೇಗ ಹಾಗಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಪಾನಾ ನೆಲಕ್ಕೆ ಇಟ್ಟರು. ಧ್ವನಿ ಬೇರೆ ಯಾರದೋ ಆಗಿತ್ತು.

"ಹಂಗಾದ್ರ... ಅಂವ ಮಲಗಿರಲಿಲ್ಲ."

"ಇಲ್ರಿ ಮಾವ. ಎಚ್ಚರ ಇದ್ರು."

"ಹಾರ್ನ್ ಹೊಡದಾನ."

"ಹೊಡದಾರ್ರಿ."

"ನಾ ನಿದ್ದಿಗೇಡಿ ಅಂದೆ. ಊರ ಮುಂದ ಅಂದೆ." ನನ್ನನ್ನು ಕೇಳುತ್ತಿದ್ದರೋ ತಮಗೇ ಹೇಳಿಕೊಳ್ಳುತ್ತಿದ್ದರೋ ತಿಳಿಯಲಿಲ್ಲ. "ಅವಗ ಗೊತ್ತಿತ್ತೇನು? ಗಾಲಿದು?"

ಇದಕ್ಕೂ ಸುಳ್ಳು ಹೇಳಬಹುದಿತ್ತು.

"ಗೊತ್ತಿತ್ರಿ. ನೀವು ಖುಷಿಲೆ ಹಾಕಿಸೀರಿ ಅಂತ ನಾಕ ದಿನ ಬಿಟ್ಟಿದ್ರು."

ಅವರು ತಲೆ ತಗ್ಗಿಸಿದರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಪಾನಾ ಎತ್ತಿ, ಸಡಿಲಿಸಿದ್ದ ನಟ್ಟನ್ನು ಮತ್ತೆ ಬಿಗಿದರು. ಇನ್ನೊಂದನ್ನು ಬಿಗಿದರು. ಎಲ್ಲವನ್ನೂ ಬಿಗಿದು, ಮೊದಲಿನದಕ್ಕೆ ತಿರುಗಿ ಬಂದು ಅದನ್ನೇ ಮತ್ತೊಮ್ಮೆ ಬಿಗಿದರು. ಜಾಕ್ ಇಳಿಸಿದರು. ಗಾಡಿಯನ್ನು ಸುತ್ತು ಹಾಕಿ ಬಲಗಡೆ ಹೋದರು. ಅಲ್ಲಿಯ ನಟ್ಟುಗಳನ್ನು ಯಾರೂ ಸಡಿಲಿಸಿರಲಿಲ್ಲ. ಅವನ್ನೂ ಬಿಗಿದರು. ಕೈಯ ನರ ಉಬ್ಬಿದ್ದವು. ಪಾನಾ ನನ್ನ ಕಡೆ ಚಾಚಿದರು.

"ಬಿಗಿ ಆಗ್ಯಾವೇನ ನೋಡು."

ನೋಡಿದೆ. ಒಂದೂ ಅಲುಗಲಿಲ್ಲ. "ಆಗ್ಯಾವ್ರಿ."

ಸಿದ್ದಲಿಂಗ ಕಿಟಕಿಯಿಂದ ತಲೆ ಹಾಕಿದ. "ಅಪ್ಪಾ, ಆತೇನು? ಹೊತ್ತಾಗಾಕತ್ತೈತಿ. ಗಾಲಿ ಬದಲಿ ಮಾಡ್ಲಿಲ್ಲಾ?"

"ಬ್ಯಾಡ. ಎರಡೂ ಒಂದ ಇರಲಿ," ಎಂದರು ಮಾವ. "ಹಿಪ್ಪರಗಿ ದಾಟಿದ ಮ್ಯಾಲ ಕುರಿ ಬರ್ತಾವ. ಅಮಸಿದ್ದ ಅನ್ನಾಂವ ಭೆಟ್ಟಿ ಆದ್ರ ನಿಂದರಸು. ನಾ ಬಾ ಅಂದೆ ಅಂತ ಹೇಳು. ಮನಿಗೆ ಬಂದು ಊಟಾ ಮಾಡ್ಕೊಂಡ ಹೋಗಲಿ."

"ಯಾರಪಾ ಅಮಸಿದ್ದ? ಅವತ್ತ ಬೈದು ಕಳಸಿದೆಲಾ, ಅಂವೇನು?"

"ಅಂವನ. ಗಾಡಿ ತಗಿ."

ಗಾಡಿ ಎಂದರು. ಸಿದ್ದಲಿಂಗನಿಗೆ ಅದು ಕೇಳಿಸಿರಲಿಕ್ಕಿಲ್ಲ. ಇಂಜಿನ್ ಶುರುವಾಗಿತ್ತು. ಪಿಕಪ್ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಅಂಗಳ ದಾಟಿ, ತೋಟದ ಬೇಲಿಯ ಗುಂಟ ಹೋಗಿ, ತಿರುವಿನಲ್ಲಿ ಬ್ರೇಕ್ ಹಾಕಿತು. ಹಿಂದಿನ ಕೆಂಪು ದೀಪ ಹತ್ತಿತು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು. ಗಾಡಿ ನೆಟ್ಟಗಿತ್ತು. ಆಮೇಲೆ ಕಾಣಲಿಲ್ಲ.

ಮಾವ ಗೋಡೆಗೆ ಆನಿಸಿದ್ದ ಗಾಲಿಯ ಹತ್ತಿರ ಹೋದರು. ಅದನ್ನು ಕೆಡವಿ ಅದರ ಮೇಲೆ ಕೂತರು. ನಾನು ಎದುರಿಗೆ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಅತ್ತೆ, "ಚಾ ಕುಡದ್ರೇನು? ಆರಿ ಹೋಗಾಕತ್ತೈತಿ ನೋಡ್ರಿ," ಎಂದು ಕೂಗಿದರು.

ಕಪ್ಪು ನನ್ನ ಪಕ್ಕದಲ್ಲೇ ಇತ್ತು. ಇಬ್ಬರೂ ಏಳಲಿಲ್ಲ.